ಬಚ್ಚಲ ನೀರು

ನಿವೃತ್ತರಾದ ಮೇಲೆ ಮೇಷ್ಟರು ಕೊಪ್ಪದ ಹಳೆಯ ಮನೆಯನ್ನು ಬಿಟ್ಟು ಶೃಂಗೇರಿಯಲ್ಲಿ ನೆಲೆಸಿದುದಕ್ಕೆ ಕಾರಣಗಳು ಎರಡು: ಒಂದು ಶಾರದೆಯ ಸನ್ನಿಧಿ, ಇನ್ನೊಂದು ತುಂಗೆಯ ಮೀನು. ಯಾವುದು ಮೊದಲನೆಯದೆಂದು ಕೇಳಿದರೆ ನಕ್ಕು ಸುಮ್ಮನಾಗುವರು. ದಿನವೂ ಬೆಳಗ್ಗೆ ಹೊಳೆಯ ಮೆಟ್ಟಿಲಲ್ಲಿ ಕುಳಿತು ಹಿಡಿ ಮಂಡಕ್ಕಿ ಚೆಲ್ಲುವರು. ಹಿಡಿಯುವವರಿಲ್ಲದ ಧೈರ್ಯದಿಂದ ಕೊಬ್ಬಿದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯ್ದೆರೆಯುವುವು. ಬಳಿಕ ಒಂದು ಬೊಗಸೆ ನೀರು ಕುಡಿದು ಏಳುವರು. ಗಂಗೆಯಲ್ಲಿ ಮೀಯಬೇಕು, ತುಂಗೆಯನ್ನು ಕುಡಿಯಬೇಕು ಎಂಬುದು ಹಿರಿಯರ ಮಾತಷ್ಟೆ.

2024ರ ನವೆಂಬರಿನಲ್ಲಿ ತುಂಗೆ-ಭದ್ರೆಯರ ಶುದ್ಧಿಗಾಗಿ ಶೃಂಗೇರಿಯಿಂದ ಪಾದಯಾತ್ರೆ ಹೊರಟಾಗ ಮೇಷ್ಟರೂ ಊರ ಹೊರಗಿನವರೆಗೆ ಹೆಜ್ಜೆ ಹಾಕಿದ್ದರು. ಆಗ ಅವರ ಮನಸ್ಸಿನಲ್ಲಿದ್ದುದು ಕೆಳಗಿನ ಪಟ್ಟಣಗಳ ಕೊಳಚೆ, ಸ್ವಂತ ಬಚ್ಚಲಲ್ಲ.

ಮುಂದಿನ ಬೇಸಗೆಯಲ್ಲಿ ಮಗಳು ಶಿವಮೊಗ್ಗದಿಂದ ಬಂದಳು. ಮೊಮ್ಮಗಳು ಬಚ್ಚಲ ಮೋರಿಯಲ್ಲಿ ಕಾಗದದ ದೋಣಿ ಬಿಟ್ಟು ಕೇಳಿದಳು:

"ಅಜ್ಜಯ್ಯ, ಇದು ಎಲ್ಲಿಗೆ ಹೋಗುತ್ತೆ?"

"ಚರಂಡಿಗೆ."

"ಆಮೇಲೆ?"

"ಹಳ್ಳಕ್ಕೆ."

"ಹಳ್ಳ ಹೊಳೆಗೆ. ಹೊಳೆ ನಮ್ಮೂರಿಗೆ! ನಮ್ಮ ನಲ್ಲೀಲಿ ಬರೋದು ತುಂಗೆಯ ನೀರೇ ಅಂತ ನಮ್ಮ ಮಿಸ್ ಹೇಳಿದಾರೆ. ಹಾಗಾದ್ರೆ ನೀವು ಸ್ನಾನ ಮಾಡಿದ ನೀರು..."

"ಸಾಕು ಸುಮ್ಮನಿರು," ಎಂದು ತಾಯಿ ಗದರಿದಳು. ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ಮೇಷ್ಟರಿಗೆ ಅಂದು ಮಾತು ಹೊರಡಲಿಲ್ಲ.

ಕೊಪ್ಪದ ಮನೆಯಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಗೆ ಹರಿಯುತ್ತಿತ್ತು. ಮಿಕ್ಕದ್ದು ಬಸಳೆಯ ಚಪ್ಪರಕ್ಕೆ. ಸೀಗೆ, ಕಡಲೆಹಿಟ್ಟುಗಳ ನೀರು ಯಾರಿಗೂ ಕೇಡಾಗಲಿಲ್ಲ. ಪೇಟೆಯ ಮನೆಗೆ ಹಿತ್ತಲೆಂದರೆ ಮೂರು ಹೆಜ್ಜೆ ಸಿಮೆಂಟು. ಸೋಪಿನ ಪುಡಿಯ ನೊರೆಯೆಲ್ಲ ಮೋರಿಗೆ. ಕಕ್ಕಸಿನ ಗುಂಡಿಯದು ಬೇರೆ ಕಥೆ: ಆಷಾಢದ ಮಳೆಗೆ ನೆಲದೊಳಗಿನ ನೀರು ಮೇಲೇರಿದಾಗ ಗುಂಡಿ ಹೀರುವುದನ್ನು ಬಿಟ್ಟು ಉಕ್ಕುತ್ತದೆ.

ಹೊಲಸನ್ನು ತಿಂದು ಕರಗಿಸುವ ಸೂಕ್ಷ್ಮಾಣುಗಳು ಹೊಳೆಯಲ್ಲಿಯೂ ಉಂಟು. ಆದರೆ ತಿನ್ನುವಾಗ ಅವು ನೀರಿನ ಆಮ್ಲಜನಕವನ್ನು ಬಳಸುತ್ತವೆ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಈ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂದು ನಿಯಮ. ಮನೆಗಳ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ ಇನ್ನೂರರ ಆಚೆ. ಉಸಿರು ಕಟ್ಟುವುದು ಮೀನಿಗೆ. ಶುದ್ಧೀಕರಣ ಘಟಕವೆಂದರೆ ಬೇರೇನಲ್ಲ, ಹೊಳೆಯ ಈ ಕೆಲಸವನ್ನು ತೊಟ್ಟಿಯಲ್ಲಿ ಗಾಳಿಯೂದಿ ಮೊದಲೇ ಮಾಡಿಸುವುದು. ಆ ಗಾಳಿಗೆ ವಿದ್ಯುತ್ತು ತಪ್ಪಬಾರದು, ಕೊಳಚೆಗೆ ಮಳೆನೀರು ಬೆರೆಯಬಾರದು. ಮಲೆನಾಡಿನ ಪೇಟೆಗೆ ಇವೆರಡೂ ದೊಡ್ಡ ಬೇಡಿಕೆಗಳೇ.

ಕರಾವಳಿಯ ಊರಿನ ಕೊಳಚೆ ಬೇಗನೆ ಅಳಿವೆಯನ್ನು ಸೇರಿ ಕಣ್ಮರೆಯಾದಂತೆ ತೋರುತ್ತದೆ (ತೋರುವುದಷ್ಟೆ, ಚಿಪ್ಪು ಹೆಕ್ಕುವವರಿಗೆ ನಿಜ ಗೊತ್ತು). ಶೃಂಗೇರಿಯದು ಕೂಡಲಿಯಲ್ಲಿ ಭದ್ರೆಯನ್ನು, ಮುಂದೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯನ್ನು ಮುಟ್ಟುವ ಮುನ್ನ ಎಷ್ಟು ಊರುಗಳ ಕೊಡ ತುಂಬುತ್ತದೋ!

ನರಸಿಂಹರಾಜಪುರದಲ್ಲಿರುವ ತಮ್ಮನಿಗೆ ಮೇಷ್ಟರು ಇದನ್ನು ಹೇಳಿದರು. "ನಿಮ್ಮದಾದರೂ ಹರಿಯುವ ಹೊಳೆ, ಅಣ್ಣಯ್ಯ. ಅಣೆಕಟ್ಟೆಯಾದ ಮೇಲೆ ನಮ್ಮ ಭದ್ರೆ ನಿಂತ ನೀರು. ಕೊಟ್ಟದ್ದನ್ನು ಇಟ್ಟುಕೊಳ್ಳುತ್ತಾಳೆ," ಎಂದ ಆತ.

ಮರುವಾರ ಆಳೊಬ್ಬ ಬಂದು ಹಿತ್ತಲ ಸಿಮೆಂಟನ್ನು ಒಡೆದ. ಎರಡು ಬಾಳೆಗಂದುಗಳು ಕೊಪ್ಪದಿಂದ ಬಂದುವು. ನೆರೆಯವರು ನಕ್ಕರು; ಆದರೂ ಬೇಸಗೆಯುದ್ದಕ್ಕೂ ಬಚ್ಚಲ ನೀರು ಮೋರಿಗೆ ಹೋಗಲಿಲ್ಲ. ಆಷಾಢದಲ್ಲಿ ಹದಿನೈದು ದಿನ ಬಿಡದೆ ಹೊಯ್ದಾಗ ಬಾಳೆಯ ಬುಡವೂ ಕೆರೆಯಾಯಿತು, ಕಕ್ಕಸಿನ ಗುಂಡಿಯೂ ತುಂಬಿತು. ಮೋರಿ ಮತ್ತೆ ಹರಿಯಿತು. ಅಂದು ರಾತ್ರಿ ಮೇಷ್ಟರು ಶಿವಮೊಗ್ಗಕ್ಕೆ ಫೋನು ಮಾಡಿದರು.

"ನೀರು ಕಾಯಿಸಿಯೇ ಕುಡಿಯುತ್ತೀರಷ್ಟೆ?"

"ಹೌದು ಅಪ್ಪಯ್ಯ. ಯಾಕೆ?"

"ಏನಿಲ್ಲ. ಇಲ್ಲಿ ಮಳೆ ಜೋರು."