ಮರುಭೂಮಿಯಲ್ಲಿ ಚಿಮ್ಮುವ ತಣ್ಣೀರು

ಬಿಸಿನೀರಿನ ಬುಗ್ಗೆಗಳ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಭೂಮಿಯೊಳಗಿನ ಕಾವಿಗೆ ನೀರು ಕುದಿದು ಮೇಲಕ್ಕೆ ಚಿಮ್ಮುತ್ತದೆ ಎಂದು ಬಾಯಿಪಾಠವನ್ನೂ ಮಾಡಿದ್ದೇವೆ. ಆದರೆ ತಣ್ಣೀರು ಕೂಡ ಹಾಗೆ ಚಿಮ್ಮುತ್ತದೆ, ಅದೂ ಮರುಭೂಮಿಯ ನಡುವೆ ಎಂಬುದು ನನಗೆ ಗೊತ್ತಾದದ್ದು 2025ರ ಏಪ್ರಿಲ್‌ನಲ್ಲಿ, ಅಮೆರಿಕದ ಯೂಟಾ ರಾಜ್ಯದಲ್ಲಿರುವ ಮಗನ ಮನೆಗೆ ಹೋದಾಗ.

ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಮೂರು ತಾಸು ಹೋದರೆ ಗ್ರೀನ್ ರಿವರ್ ಎಂಬ ಸಣ್ಣ ಊರು ಸಿಗುತ್ತದೆ. ಕಲ್ಲಂಗಡಿಗೆ ಹೆಸರಾದ ಊರು. ಅಲ್ಲಿಂದ ಮುಂದೆ ಮಣ್ಣಿನ ರಸ್ತೆ. ಎತ್ತ ನೋಡಿದರೂ ಬೋಳು ಗುಡ್ಡ, ಬೂದು ನೆಲ.

"ಅಮ್ಮೀ, ನಮ್ಮ ಕುಷ್ಟಗಿ ಕಡೆ ಬೇಸಿಗೆ ಇದ್ದಂಗೆ ಇದೆಯಲ್ಲ?" ಎಂದ ಮಗ.

"ನಮ್ಮ ಕಡೆ ಬೇವಿನ ಗಿಡಾನಾದ್ರೂ ಇರ್ತಾವಪ್ಪ" ಎಂದೆ.

ನದಿಯ ದಂಡೆಗೆ ಬಂದಾಗ ನೆಲದ ಬಣ್ಣವೇ ಬದಲಾಯಿತು. ಅರಿಸಿನ, ಕೇಸರಿ, ಇಟ್ಟಿಗೆ ಬಣ್ಣದ ಹಾಸುಗಲ್ಲು ಮೆಟ್ಟಿಲು ಮೆಟ್ಟಿಲಾಗಿ ನೀರಿಗಿಳಿದಿತ್ತು. ನೀರಿನಲ್ಲಿರುವ ಸುಣ್ಣ ಮತ್ತು ಕಬ್ಬಿಣದ ಅಂಶ ಹೆಪ್ಪುಗಟ್ಟಿ ಆದ ಕಲ್ಲು ಅದು. ನಡುವೆ ಒಂದು ಕಬ್ಬಿಣದ ಕೊಳವೆ. ಬಹಳ ಹೊತ್ತು ಕಾದೆವು. ಮೊದಲು ಗುಳುಗುಳು ಸದ್ದು. ಆಮೇಲೆ ಹಾಲಿನಂಥ ನೊರೆ. ನೋಡನೋಡುತ್ತಲೇ ನೀರು ಆಳೆತ್ತರಕ್ಕೆ ಎದ್ದು ನಿಂತಿತು. ಮೊಮ್ಮಗ ಚಪ್ಪಾಳೆ ತಟ್ಟಿದ. ಹನಿಯೊಂದನ್ನು ನಾಲಿಗೆಗೆ ಮುಟ್ಟಿಸಿದೆ. ಉಪ್ಪುಪ್ಪು, ಜೊತೆಗೆ ಸೋಡಾದ ಚುರುಕು. ಕುಡಿಯಲು ಬಾರದ ನೀರು.

ಇದರ ಹೆಸರು ಕ್ರಿಸ್ಟಲ್ ಗೀಸರ್. 1935-36ರಲ್ಲಿ ಎಣ್ಣೆ ಹುಡುಕುವವರು ಇಲ್ಲಿ ಸುಮಾರು 800 ಮೀಟರ್ ಆಳಕ್ಕೆ ಕೊರೆದರು. ಎಣ್ಣೆ ಸಿಗಲಿಲ್ಲ, ನೀರು ಚಿಮ್ಮಿತು. ಕೊರೆಯುವ ಮೊದಲೂ ಅಲ್ಲಿ ಬುಗ್ಗೆಗಳಿದ್ದವು ಎಂಬುದಕ್ಕೆ ಹಳೆಯ ಕಲ್ಲಿನ ಪದರಗಳೇ ಸಾಕ್ಷಿ. ಇಲ್ಲಿ ನೀರನ್ನು ಮೇಲೆತ್ತುವುದು ಶಾಖವಲ್ಲ, ಇಂಗಾಲದ ಡೈಆಕ್ಸೈಡ್. ನೆಲದಾಳದ ಒತ್ತಡದಲ್ಲಿ ಈ ಅನಿಲ ನೀರಿನಲ್ಲಿ ಕರಗಿರುತ್ತದೆ. ಒತ್ತಡ ಸಡಿಲವಾದೊಡನೆ ಗುಳ್ಳೆಗಳಾಗಿ ನೀರನ್ನು ಹೊತ್ತುಕೊಂಡು ಏಳುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದರೆ ಆಗುವುದೂ ಇದೇ. ಹಿಂದೆ ಇದು ಇನ್ನೂ ಬಹಳ ಎತ್ತರಕ್ಕೆ ಚಿಮ್ಮುತ್ತಿತ್ತಂತೆ. ಬಂದವರು ಕೊಳವೆಯೊಳಗೆ ಕಲ್ಲು ಹಾಕಿ ಹಾಕಿ ಅದರ ಉಸಿರು ಕಟ್ಟಿಸಿದ್ದಾರೆ. ಜರ್ಮನಿಯ ಆಂಡರ್‌ನಾಖ್‌ನಲ್ಲಿರುವ ಇಂಥದೇ ಬುಗ್ಗೆ 50 ಮೀಟರ್‌ಗೂ ಮೇಲೆ ಏರುತ್ತದೆ.

ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನನ್ನ ಮನಸ್ಸು ಮಾತ್ರ ಹಿಟ್ನಾಳದ ನಮ್ಮ ಹೊಲದಲ್ಲಿತ್ತು. ತುಂಗಭದ್ರಾ ಅಣೆಕಟ್ಟು ನಮಗೆ ದೂರವಲ್ಲ. ಆದರೆ ನಮ್ಮ ಹೊಲ ಎತ್ತರದಲ್ಲಿದೆ, ಕಾಲುವೆ ನೀರು ಅಲ್ಲಿಗೆ ಏರುವುದಿಲ್ಲ. ನನ್ನ ಯಜಮಾನರು ಮೂರು ಬೋರು ಹಾಕಿಸಿದರು. ಮೊದಲಿನೆರಡು ಕೆಲವು ವರ್ಷ ನೀರು ಕೊಟ್ಟು ಬತ್ತಿದವು. ಮೂರನೆಯದಕ್ಕೆ ರಾತ್ರಿಯಿಡೀ ಕೊರೆದರೂ ಬಂದದ್ದು ಬರೀ ಬಿಳಿ ಕಲ್ಲಿನ ಪುಡಿ. ಫಜ್ರ್ ಬಾಂಗ್ ಆಗುವವರೆಗೂ ಅವರು ಬದುವಿನ ಮೇಲೆ ಕುಳಿತೇ ಇದ್ದರು. ಸಾಲ ತೀರಿಸಲು ಎರಡು ಎಕರೆ ಹೋಯಿತು. ಈಗ ಅವರಿಲ್ಲ. ಉಳಿದ ಹೊಲ ಮೈದುನ ನೋಡಿಕೊಳ್ಳುತ್ತಾನೆ. ನಾನು ಅಮೆರಿಕಕ್ಕೆ ಹೊರಡುವ ಮುಂಚೆಯೇ ಅವನು ನಾಲ್ಕನೇ ಬೋರಿಗೆ ದುಡ್ಡು ಕೇಳಿದ್ದ.

ಆ ರಾತ್ರಿ ಫೋನಿನಲ್ಲಿ ಬುಗ್ಗೆಯ ವಿಷಯ ಹೇಳಿದೆ. ಅವನಿಗೆ ಅಷ್ಟೇ ಸಾಕಾಯಿತು. "ನೋಡ್ರಿ ಭಾಭಿ, ಜೈಸಲ್ಮೇರದಾಗೂ ಚಿಮ್ಮಿತಲ್ಲ! ಇನ್ನೊಂದ್ ಇನ್ನೂರು ಅಡಿ ಇಳಿದ್ರ ನಮಗೂ ಸಿಗ್ತದ" ಎಂದ.

ಜೈಸಲ್ಮೇರದ ಸುದ್ದಿ ನೀವೂ ಓದಿರಬಹುದು. 2024ರ ಡಿಸೆಂಬರ್ 28ರಂದು ಮೋಹನ್‌ಗಢದ ಹತ್ತಿರ ಬೋರು ಕೊರೆಯುವಾಗ ನೀರು ಉಕ್ಕಿ ಬಂದು ಕೊರೆಯುವ ಲಾರಿಯನ್ನೇ ನುಂಗಿತು. ಎರಡು ದಿನ ಕಳೆಯುವಷ್ಟರಲ್ಲಿ ನಿಂತೂ ಹೋಯಿತು. ಆ ರೈತನಿಗೆ ಉಳಿದದ್ದು ಕೆಸರು ಮತ್ತು ಗುಂಡಿ.

ಮಗ ಚಿಕ್ಕಪ್ಪನಿಗೆ ತಿಳಿಸಿ ಹೇಳಿದ. ಯೂಟಾದ ಆಳದಲ್ಲಿರುವುದು ಮರಳುಗಲ್ಲು, ಅದು ಸ್ಪಂಜಿನಂತೆ ನೀರು ಹಿಡಿಯುತ್ತದೆ. ನಮ್ಮ ಕೊಪ್ಪಳದ್ದು ಗಟ್ಟಿ ಬಂಡೆ. ನೀರು ಇರುವುದು ಅದರ ಬಿರುಕುಗಳಲ್ಲಿ ಮಾತ್ರ. ಕೆಳಗಿಳಿದಂತೆ ಬಿರುಕುಗಳೂ ಕಡಿಮೆಯಾಗುತ್ತವೆ. ಮೇಲಿಂದ ಮಳೆನೀರು ಇಂಗದಿದ್ದರೆ ಇದ್ದ ಬಿರುಕುಗಳೂ ಒಣಗುತ್ತವೆ. ಹೆಚ್ಚು ಆಳ ಎಂದರೆ ಹೆಚ್ಚು ನೀರು ಎಂದಲ್ಲ.

ಹಾಗಾದರೆ ನಮ್ಮಂಥವರಿಗೆ ದಾರಿಯೇ ಇಲ್ಲವೇ? ದಾರಿ ನಮ್ಮ ಜಿಲ್ಲೆಯಲ್ಲೇ ಕಂಡಿದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರನ್ನು ಕೂಡಿಸಿ ಹಿರೇಹಳ್ಳದ ಹೂಳು ಎತ್ತಿಸಿದರು. ಜಾಲಿಕಂಟಿ ತುಂಬಿದ್ದ ಹಳ್ಳದಲ್ಲಿ ಮತ್ತೆ ನೀರು ನಿಂತಿತು. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ಎಷ್ಟೋ ರೈತರು ಹೊಲಗಳಲ್ಲಿ ಹೊಂಡ ತೋಡಿಸಿಕೊಂಡಿದ್ದಾರೆ.

ನಾನು ಮೈದುನನಿಗೆ ದುಡ್ಡು ಕೊಟ್ಟೆ, ಆದರೆ ಬೋರಿಗಲ್ಲ, ಹೊಂಡಕ್ಕೆ. ಅವನು ನಾಲ್ಕು ದಿನ ಸರಿಯಾಗಿ ಮಾತಾಡಲಿಲ್ಲ. ಆ ವರ್ಷದ ಮೊದಲ ದೊಡ್ಡ ಮಳೆಗೆ ಹೊಂಡದಲ್ಲಿ ಮೊಣಕಾಲುದ್ದ ಕೆಂಪು ನೀರು ನಿಂತಿತು. ಬೋರು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಅವನು ಈಗಲೂ ಅನ್ನುತ್ತಾನೆ. ಆದರೆ ಮಳೆ ಬಂದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಂಡ ನೋಡಲು ಹೋಗುವವನೂ ಅವನೇ.