ಸಂತೇಬೆನ್ನೂರಿನಲ್ಲಿ ಹೊದಿಕೆಯ ವಿಚಾರ

ಸಂತೇಬೆನ್ನೂರಿಗೆ ಹೋದವರು ಮೊದಲು ನೋಡತಕ್ಕದ್ದು ಅಲ್ಲಿಯ ಪುಷ್ಕರಿಣಿ. ಪಾಳೆಯಗಾರ ಹನುಮಪ್ಪನಾಯಕನ ಹೆಸರಿನೊಡನೆ ಕೂಡಿಬಂದಿರುವ ಈ ಹೊಂಡಕ್ಕೆ ಸುತ್ತಲೂ ಕಲ್ಲಿನ ಸೋಪಾನಗಳೂ, ನಡುನೀರಿನಲ್ಲಿ ವಸಂತಮಂಟಪವೂ ಇವೆ. ದಡದ ಮೇಲೆ ಬಿಜಾಪುರದವರ ಕಾಲದ ಮುಸಾಫಿರಖಾನೆಯು ನಿಂತಿದೆ. ಇವುಗಳ ಶಿಲ್ಪವನ್ನು ಬಲ್ಲವರು ವರ್ಣಿಸಿರುವರಾದ್ದರಿಂದ ನಾವು ಆ ಗೋಜಿಗೆ ಹೋಗುವುದಿಲ್ಲ. ಮುಸಾಫಿರಖಾನೆಯೆಂದರೆ ದಾರಿಗರು ತಂಗುವ ಮನೆಯಷ್ಟೆ. ಅದರ ಕಮಾನುಗಳ ಕೆಳಗೆ ನಿಂತಾಗ, ಇಲ್ಲಿ ಮಲಗಿದವರು ಏನನ್ನು ಹೊದೆಯುತ್ತಿದ್ದರೋ ಎಂಬ ಪ್ರಶ್ನೆ ನಮಗೆ ಹುಟ್ಟಿತು. ಕೆಳಗೆ ಕಲ್ಲುನೆಲ, ಪಕ್ಕದಲ್ಲಿ ನೀರಿನ ಮೇಲಿಂದ ಬೀಸುವ ಗಾಳಿ. ಕಂಬಳಿಯಿಲ್ಲದವನಿಗೆ ಮಾರ್ಗಶಿರದ ರಾತ್ರಿಯು ಬಹು ದೀರ್ಘವಾಗಿಯೇ ಕಂಡಿರಬೇಕು.

ಈ ಪ್ರಶ್ನೆಗೆ ಕಾರಣವೂ ಇತ್ತು. ನಾವು ಆ ಊರಿಗೆ ಹೋದದ್ದು ನಮ್ಮ ಅಕ್ಕನ ಮನೆಗೆ. ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಮಗನದು ಅಡಕೆಯ ತೋಟ. ಮೊಮ್ಮಗಳಿಗೆ ಮದುವೆ ನಿಶ್ಚಯವಾಗಿದೆ. ಮದುವೆಗೆಂದು ಮನೆಗೆ ಬಣ್ಣ ಹೊಡೆಸಿದಾಗ, ಅಕ್ಕನ ಮಂಚದ ಮೇಲಿದ್ದ ಕರಿಯ ಕಂಬಳಿಯು ದನದ ಕೊಟ್ಟಿಗೆಯ ಅಟ್ಟವನ್ನು ಸೇರಿತು. ಅದರ ಸ್ಥಾನಕ್ಕೆ ದಾವಣಗೆರೆಯಿಂದ ಹಿರಿಹಿರಿ ಗುಲಾಬಿಗಳ ನಯವಾದ, ದಪ್ಪನಾದ ಕೃತಕ ನೂಲಿನ ಹೊದಿಕೆಯೊಂದು ಬಂದಿತು. "ಬಂದ ನೆಂಟರು ನೋಡಿದರೆ ಏನೆಂದಾರು, ಮಾವ?" ಎಂದಳು ಸೊಸೆ. ಅವಳ ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಅಕ್ಕನಿಗೆ ಅಂದಿನಿಂದ ನಿದ್ರೆಯಿಲ್ಲ. ಮೊದಲನೆಯ ಜಾವದಲ್ಲಿ ಬೆವರುತ್ತದೆ, ಕಿತ್ತೆಸೆಯುತ್ತಾಳೆ. ಮೂರನೆಯ ಜಾವದಲ್ಲಿ ಬೆವರಿದ ಮೈಗೆ ಚಳಿ ಹತ್ತುತ್ತದೆ, ಕೆಮ್ಮು ಏಳುತ್ತದೆ. "ತಮ್ಮಾ, ನಿಮ್ಮ ಭಾವನವರು ಹೊದೆದ ಕಂಬಳಿ ಅದು. ಕೇಳಿ ತೆಗೆದಿದ್ದರೆ ಸಾಕಾಗಿತ್ತು" ಎಂದಷ್ಟೇ ನಮ್ಮೊಡನೆ ಹೇಳಿದಳು.

ವಾಚಕರು ಇದನ್ನು ಮುದುಕರ ಹಟವೆಂದು ತಿಳಿಯಬಾರದು. ಹೊದಿಕೆಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ; ಮೈಯ ಶಾಖವು ಓಡಿಹೋಗದಂತೆ ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಡುತ್ತದೆ, ಅಷ್ಟೆ. ಉಣ್ಣೆಯ ಎಳೆಯು ಸ್ವಭಾವತಃ ಸುರುಳಿಯಾದುದರಿಂದ ಗಾಳಿಯು ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ. ಮೇಲಾಗಿ ಉಣ್ಣೆಯು ತನ್ನ ತೂಕದ ನೂರಕ್ಕೆ 30 ಪಾಲಿನವರೆಗೆ ತೇವವನ್ನು ಹೀರಿಯೂ ಕೈಗೆ ಒದ್ದೆಯೆನಿಸದು. ಕೃತಕ ನೂಲಿಗೆ ಈ ಗುಣವಿಲ್ಲ. ಬೆವರು ಮೈಮೇಲೆಯೇ ಉಳಿಯುತ್ತದೆ. ಬೆಂಕಿಯ ವಿಷಯದಲ್ಲಿಯೂ ಭೇದವುಂಟು. ಉಣ್ಣೆಯು ಸುಲಭವಾಗಿ ಹೊತ್ತಿಕೊಳ್ಳದು. ಕೃತಕವಾದದ್ದು ಕರಗಿ ಚರ್ಮಕ್ಕೆ ಅಂಟೀತು. ಚಳಿಗೆ ಅಗ್ಗಿಷ್ಟಿಕೆಯನ್ನಿಟ್ಟುಕೊಳ್ಳುವ ಮನೆಯವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಕಂಬಳಿಯನ್ನು ಹೀನವೆಂದು ಎಣಿಸುವುದು ಈಚಿನ ಮಾತು. ಕಂಬಲವೆಂಬ ಶಬ್ದವು ಅಥರ್ವವೇದದಲ್ಲಿಯೇ ಇದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿದರೆ, ರಾಜನ ಬೊಕ್ಕಸಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಯನ್ನು ಹೇಳುವ ಅಧ್ಯಾಯದಲ್ಲಿ, ಮುತ್ತು, ವಜ್ರ, ಚಂದನಗಳ ಸಾಲಿನಲ್ಲಿಯೇ ಕಂಬಳಿಗಳೂ ಬರುತ್ತವೆ! ನುಣುಪಾಗಿ, ಮುಟ್ಟಿದರೆ ಹಸಿಯಿರುವಂತೆ ತೋರಿ, ಎಳೆ ಸಣ್ಣದಾಗಿ, ಮೃದುವಾಗಿರುವುದು ಶ್ರೇಷ್ಠವೆಂದು ಆತನ ಮತ. ಎಂಟು ತುಂಡುಗಳನ್ನು ಕೂಡಿಸಿದ, ಮಳೆಯನ್ನು ತಡೆಯುವ ನೇಪಾಳದ ಕರಿಯ ಕಂಬಳಿಯನ್ನೂ ಆತನು ಹೆಸರಿಸುತ್ತಾನೆ. ನಮ್ಮ ಕುರುಬರು ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ನಿಲ್ಲುವುದನ್ನು ಕಂಡವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮಡಿಯವರ ಮನೆಗಳಲ್ಲಿಯೂ ಉಣ್ಣೆಗೆ ಮೈಲಿಗೆಯಿಲ್ಲವೆಂಬ ನಿಯಮವಿತ್ತು. ಉಣ್ಣೆಯನ್ನು ಶುದ್ಧವೆಂದು ಒಪ್ಪಿ, ಅದನ್ನು ನೆಯ್ದವನನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸಿದ ನಮ್ಮ ಹಿರಿಯರ ತರ್ಕವು ನಮಗೆ ಇಂದಿಗೂ ಬಗೆಹರಿದಿಲ್ಲ.

ಸಂತೆಯ ದಿನ ಸೊಸೆಯನ್ನೂ ಮದುವೆಯ ಹುಡುಗಿಯನ್ನೂ ಕರೆದುಕೊಂಡು ಹೊರಟೆವು. ಚನ್ನಗಿರಿಯ ಕಡೆ ತೋಟದ ತಂಪು. ಅದೇ ಜಿಲ್ಲೆಯ ಜಗಳೂರಿನ ಕಡೆ ಒಣಭೂಮಿ, ಕುರಿಯ ಸೀಮೆ. ಆ ಕಡೆಯ ವೃದ್ಧನೊಬ್ಬನು ಏಳೆಂಟು ಕಂಬಳಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದನು. ದಖ್ಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ, ಹಿಂಜಿ, ಹೆಂಗಸರು ಕೈಯಿಂದ ನೂಲುತ್ತಾರೆ. ಹಾಸಿಗೆ ಹುಣಸೆಬೀಜದ ಗಂಜಿಯನ್ನು ಬಳಿದು, ಗುಂಡಿಮಗ್ಗದಲ್ಲಿ ನೆಯ್ಯುತ್ತಾರೆ. ಹೊಸ ಕಂಬಳಿಯು ಹಲಗೆಯಂತೆ ಸೆಟೆದಿರುವುದು ಈ ಗಂಜಿಯಿಂದ. ಒಗೆದು ಬಳಸಿದಂತೆ ಮೆತ್ತಗಾಗುತ್ತದೆ. ಕೊಳ್ಳುವವರು ಅದರ ಬಿರುಸನ್ನು ನೋಡಿ ಹೆದರಕೂಡದು. ಬೆಳಕಿಗೆ ಹಿಡಿದು ನೇಯ್ಗೆ ಒತ್ತಾಗಿದೆಯೇ ಎಂದೂ, ಅಂಚು ಸಮವಾಗಿದೆಯೇ ಎಂದೂ ನೋಡಬೇಕು. ಕುರಿಮರಿಯ ಮೊದಲ ಉಣ್ಣೆಯದಾದರೆ ಎಲ್ಲಕ್ಕಿಂತ ಮೆತ್ತಗೆ. ಕರಿಯ ಬಣ್ಣವು ಕುರಿಯದೇ ಆದ್ದರಿಂದ ಒಗೆತಕ್ಕೆ ಬಿಡುವ ಭಯವಿಲ್ಲ.

"ಉಣ್ಣೆ ಹೌದೋ ಅಲ್ಲವೋ ಹೇಗೆ ತಿಳಿಯಬೇಕು ತಾತ?" ಎಂದು ಹುಡುಗಿ ನಮ್ಮನ್ನು ಕೇಳಿದಳು. ಉತ್ತರವನ್ನು ವೃದ್ಧನೇ ಕೊಟ್ಟನು. ಅಂಚಿನಿಂದ ಒಂದು ಎಳೆಯನ್ನು ಕಿತ್ತು ಕಡ್ಡಿ ಗೀರಿದನು. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಿನಲ್ಲಿ ಪುಡಿಯಾಯಿತು. ಹತ್ತಿಯಾದರೆ ಕಾಗದದಂತೆ ಉರಿಯುವುದು, ಕೃತಕ ನೂಲಾದರೆ ಕರಗಿ ಗಟ್ಟಿಯಾದ ಮಣಿಯಾಗುವುದು. "ಉಣ್ಣೆ ಕತ್ತರ್ಸೋ ಕೂಲಿನೂ ಹುಟ್ಟಲ್ಲ ಮೇಷ್ಟ್ರೇ. ನನ್ ಮಗ ಬೆಂಗಳೂರಿಗೆ ಹೋದ. ಈ ಮಗ್ಗ ನನ್ ಕೈಗೇ ಕೊನೆ" ಎಂದನು. ನಾವು ಚೌಕಾಸಿ ಮಾಡಲಿಲ್ಲ. ಸೊಸೆ ಸ್ವಲ್ಪ ಮಾಡಿದಳು.

ಇನ್ನು ಮದುಮಗಳ ಮಂಚದ ವಿಚಾರ. ಅಲ್ಲಿ ಅಲಂಕಾರಕ್ಕೆ ಅವಕಾಶವುಂಟು, ಇರಲೂ ಬೇಕು. ಆದರೆ ಈಗಿನ ಮನೆಗಳ ಗೋಡೆಗಳೇ ಗಿಳಿಹಸುರಾಗಿಯೂ ನವಿಲುನೀಲಿಯಾಗಿಯೂ ಇರುವಾಗ, ಹಾಸಿಗೆಯ ಮೇಲೆಯೂ ಉದ್ಯಾನವನವು ಅರಳಿದರೆ ಕಣ್ಣಿಗೆ ವಿಶ್ರಾಂತಿಯೆಲ್ಲಿ? ಗೋಡೆ ಗಾಢವಾಗಿದ್ದರೆ ಮೇಲುಹಾಸು ಒಂದೇ ಬಣ್ಣದ್ದಾಗಿ, ಅಂಚಿನಲ್ಲಿ ಮಾತ್ರ ಚಿತ್ರವಿರಲಿ. ಅಂಗಡಿಗೆ ಹೋಗುವ ಮೊದಲು ಹಾಸಿಗೆಯ ದಪ್ಪವನ್ನೂ ಸೇರಿಸಿ ದಾರದಿಂದ ಅಳೆದುಕೊಳ್ಳಬೇಕು. ಎರಡು ಪಕ್ಕಕ್ಕೂ ಒಂದೂವರೆ ಗೇಣು ಇಳಿಬಿದ್ದರೆ ಲಕ್ಷಣ. ಒದ್ದೆಯಾದ ಬಿಳಿಯ ಬಟ್ಟೆಯಿಂದ ಮೂಲೆಯನ್ನು ಉಜ್ಜಿ ಬಣ್ಣ ಬಿಡುವುದೇ ಎಂದು ನೋಡತಕ್ಕದ್ದು. ಸೊಲ್ಲಾಪುರದ ಚಾದರವು ಇದಕ್ಕೆಲ್ಲ ಹೊಂದುತ್ತದೆ. ನೆಲದ ಮೇಲೆ ಹಾಸಲು ನವಲಗುಂದದ ಜಮಖಾನಕ್ಕೆ ಸಮನಾದುದನ್ನು ನಾವು ಕಂಡಿಲ್ಲ. ಹೆಂಗಸರು ಕೈಯಿಂದ ನೆಯ್ಯುವ ಅದರ ನವಿಲು, ಪಗಡೆಯ ಹಾಸುಗಳು ಪ್ರಸಿದ್ಧವಾಗಿವೆ.

ಕೌದಿಯನ್ನು ಮಾತ್ರ ಕೊಳ್ಳಬಾರದು, ಹೊಲಿಯಬೇಕೆಂದು ನಮ್ಮ ಅಭಿಪ್ರಾಯ. ಹಳೆಯ ಸೀರೆಗಳನ್ನು ಪದರಪದರವಾಗಿ ಹರಡಿ ಸಣ್ಣ ಹೊಲಿಗೆ ಹಾಕಿದರೆ ಕಾರ್ತಿಕದ ಚಳಿಗೆ ಅದು ಧಾರಾಳವಾಗಿ ಸಾಕು. ತೇವವನ್ನು ಹಿಡಿಯುವುದರಿಂದ ವಾರಕ್ಕೊಮ್ಮೆ ಬಿಸಿಲಿಗೆ ಹಾಕತಕ್ಕದ್ದು. ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರು ತಾವು ಹೊಲಿದ ಕೌದಿಯ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಇಡುತ್ತಾರೆ. ಅದಿಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ. ಅಕ್ಕನ ಹಳೆಯ ಸೀರೆಗಳು ಪೆಟ್ಟಿಗೆಯಲ್ಲಿದ್ದವು. ಮೊಮ್ಮಗಳು ಅವುಗಳಲ್ಲಿ ಐದನ್ನು ಬೇಡಿ ತೆಗೆದುಕೊಂಡಳು.

ಕೊಟ್ಟಿಗೆಯ ಅಟ್ಟದ ಕಂಬಳಿಯನ್ನು ಇಳಿಸಿದಾಗ ಒಂದು ಮೂಲೆಯಲ್ಲಿ ಹುಳು ತಿಂದಿತ್ತು; ಉಳಿದದ್ದು ಗಟ್ಟಿಯಾಗಿತ್ತು. ಸೊಸೆಯೇ ಅಂಟುವಾಳದ ನೀರಿನಲ್ಲಿ ಅದನ್ನು ಅದ್ದಿ ಹಿಸುಕಿದಳು. ಬಿಸಿನೀರು ತಾಗಿದರೆ ಉಣ್ಣೆಯು ಗಂಟುಗಟ್ಟಿ ಕುಗ್ಗುವುದರಿಂದ ತಣ್ಣೀರೇ ಆಗಬೇಕು. ಹಿಂಡದೆ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಮಡಿಸಿಡುವಾಗ ನಡುವೆ ಬೇವಿನ ಎಲೆಯನ್ನಿಡುವುದು ರೂಢಿ. ಉಣ್ಣೆ ಚುಚ್ಚದಂತೆ ಒಳಗೆ ತೆಳುವಾದ ಹತ್ತಿಯ ಹಚ್ಚಡ, ಮೇಲೆ ಹಳೆಯ ಕಂಬಳಿ. ಹೊಸ ಕಂಬಳಿಯು ಮೆತ್ತಗಾಗುವವರೆಗೆ ಹಾಸಿಗೆಯ ಅಡಿಗೆ. ಗುಲಾಬಿಯ ಹೊದಿಕೆಯನ್ನು ಹಗಲು ಹೊತ್ತು ಮಂಚದ ಮೇಲೆ ಹರಡುವುದೆಂದು ಸೊಸೆಗೂ ಒಪ್ಪಿಗೆಯಾಯಿತು.

ಮೂರನೆಯ ದಿನ ಬೆಳಿಗ್ಗೆ ನಾವು ಹೊರಟಾಗ ಅಕ್ಕ ಇನ್ನೂ ಮಲಗಿದ್ದಳು. ಎಬ್ಬಿಸಬೇಡವೆಂದು ಹೇಳಿ ಬಸ್ಸು ಹತ್ತಿದೆವು. ಕೆಂಪು ಅಂಚಿನದೊಂದು ಕಂಬಳಿಯನ್ನು ಮುಂದಿನ ಸಂತೆಗೆ ತರುವಂತೆ ಮದುಮಗಳು ಆ ವೃದ್ಧನಿಗೆ ಮುಂಗಡವನ್ನು ಕೊಟ್ಟಿದ್ದಾಳೆ.