ಊರಿನ ಸಿಮ್ ಬಿಸಾಡಬೇಡಿ

ಕೇಟಿಗೆ ಬಂದ ಮೊದಲ ವಾರದಲ್ಲೇ ಎಲ್ಲರೂ ಇಲ್ಲಿನ ಸಿಮ್ ತಗೋತೀವಿ. ಆಮೇಲೆ ಊರಿನ ಸಿಮ್ ಏನು ಮಾಡೋದು? ಮಾತಾಡೋಕೆ ವಾಟ್ಸಾಪ್ ಇದೆ, ಸುಮ್ಮನೆ ರೀಚಾರ್ಜ್ ಯಾಕೆ ಅಂತ ಅದನ್ನು ತೆಗೆದು ಡ್ರಾಯರಿಗೆ ಹಾಕಿದವರನ್ನು ತುಂಬಾ ಜನ ನೋಡಿದ್ದೇನೆ. ಆದರೆ ಆ ಸಿಮ್ ಇರೋದು ಮಾತಿಗಲ್ಲ. ಊರಲ್ಲಿರುವ ನಮ್ಮ ದುಡ್ಡಿಗೆ ಅದೇ ಬೀಗದ ಕೈ.

ಕಳೆದ ಚಳಿಗಾಲದಲ್ಲಿ ಅಪ್ಪ ತೋಟದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸನದಲ್ಲಿ ಮಧ್ಯಾಹ್ನ ಒಂದು ಗಂಟೆ, ಇಲ್ಲಿ ರಾತ್ರಿ ಒಂದೂವರೆ. ಆಪರೇಷನ್‌ಗೆ ಮುಂಗಡ ಕಟ್ಟಬೇಕು, ತಂಗಿ ಹತ್ತಿರ ಅಷ್ಟು ಹಣ ಇಲ್ಲ. ಡಾಲರ್ ಕಳಿಸಿ ಅದು ತಲುಪೋವರೆಗೆ ಕಾಯುವ ಹಾಗಿರಲಿಲ್ಲ. ನನ್ನ ಎನ್‌ಆರ್‌ಒ ಖಾತೆಯಿಂದ ತಂಗಿಯ ಖಾತೆಗೆ ಹಾಕಿದೆ. ಓಟಿಪಿ ಇದೇ ಫೋನಿನ ಎರಡನೇ ಸಿಮ್‌ಗೆ ಬಂತು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ನಮ್ಮ ಅಪಾರ್ಟ್‌ಮೆಂಟಿನ ದಾವಣಗೆರೆಯ ಗೆಳೆಯನ ಊರಿನ ನಂಬರ್ ಬಂದ್ ಆಗಿತ್ತು. ತನ್ನದೇ ಹಣ ಮುಟ್ಟಲು ಅವನು ಊರಿಗೆ ಹೋಗೋವರೆಗೂ ಕಾಯಬೇಕಾಯಿತು.

ಬಂದ್ ಆದ ನಂಬರ್ ಸುಮ್ಮನೆ ಬಿದ್ದಿರುವುದಿಲ್ಲ. ಅದನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಅಂತ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಂದರೆ ಆಮೇಲೆ ಕೊಡಬಹುದು. ನಿಮ್ಮ ಬ್ಯಾಂಕಿನ ಮೆಸೇಜು ಯಾರೋ ಗುರುತಿಲ್ಲದವರ ಕೈಗೆ ಹೋದೀತು.

ಎರಡು ಸಿಮ್ ನಡೆಸೋದು ಕಷ್ಟವೇನಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಮತ್ತು ಕರೆ ಎರಡಕ್ಕೂ ಇಲ್ಲಿನ ಸಿಮ್ ಇಡಿ. ಊರಿನ ಸಿಮ್‌ಗೆ ಡೇಟಾ ರೋಮಿಂಗ್ ಆಫ್ ಮಾಡಿ. ಐಫೋನಿನಲ್ಲಿ ಡೇಟಾ ತಾನಾಗಿ ಒಂದು ಸಿಮ್‌ನಿಂದ ಇನ್ನೊಂದಕ್ಕೆ ಬದಲಾಗುವ ಆಯ್ಕೆ ಇದೆ, ಅದನ್ನೂ ಆಫ್ ಮಾಡಿ. ಊರಿನ ನಂಬರಿಗೆ ಕರೆ ಬಂದರೆ ತೆಗೆಯಬೇಡಿ, ರೋಮಿಂಗ್‌ನಲ್ಲಿ ತೆಗೆದರೂ ದುಡ್ಡು ಹೋಗುತ್ತೆ. ಕಟ್ ಮಾಡಿ ವಾಟ್ಸಾಪಲ್ಲಿ ಮಾಡಿ. ವಾಟ್ಸಾಪ್ ಹಳೇ ನಂಬರಿನಲ್ಲೇ ಇರಲಿ. ಗೊತ್ತಿಲ್ಲದ ವಿದೇಶಿ ನಂಬರ್ ತೆಗೀಬೇಡಿ ಅಂತ ಅಪ್ಪ ಅಮ್ಮನಿಗೆ ನಾವೇ ಹೇಳಿರ್ತೀವಲ್ಲ!

ಊರಿಂದ ಹೊರಡೋವರಿಗೆ ಎರಡು ಮಾತು. ಇಂಟರ್‌ನ್ಯಾಷನಲ್ ರೋಮಿಂಗ್ ಅಲ್ಲೇ ಆನ್ ಮಾಡಿಸಿಕೊಂಡು ಬನ್ನಿ. ಇಲ್ಲಿ ಐಫೋನ್ ತಗೊಳ್ಳೋ ಯೋಚನೆ ಇದ್ದರೆ ಊರಿನ ಸಿಮ್ಮನ್ನು ಇ-ಸಿಮ್‌ಗೆ ಬದಲಾಯಿಸಿಕೊಳ್ಳಿ. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಹೊಸ ಮಾದರಿಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ. ಕಂತಿನಲ್ಲಿ ಕಂಪನಿಯಿಂದ ತಗೊಂಡ ಫೋನ್ ಸಾಮಾನ್ಯವಾಗಿ ಲಾಕ್ ಆಗಿರುತ್ತೆ, ಸಾಲ ತೀರೋವರೆಗೆ ಬೇರೆ ಸಿಮ್ ಒಪ್ಪಲ್ಲ. ಕೇಳಿಯೇ ತಗೊಳ್ಳಿ.

ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಅಮೆರಿಕದ ನಂಬರಿನಲ್ಲೂ ಯುಪಿಐ ಕೊಡಬಹುದು ಅಂತ ಎನ್‌ಪಿಸಿಐ 2023ರ ಜನವರಿಯಲ್ಲಿ ಅನುಮತಿ ಕೊಟ್ಟಿದೆ. ನಿಮ್ಮ ಬ್ಯಾಂಕ್ ಕೊಡುತ್ತಾ ವಿಚಾರಿಸಿ. ಆದರೂ ಆಧಾರ್ ಓಟಿಪಿ ಬರೋದು ಆಧಾರ್‌ಗೆ ಜೋಡಿಸಿದ ಊರಿನ ನಂಬರಿಗೇ.

ರೀಚಾರ್ಜ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತಿಂಗಳಿಗೊಮ್ಮೆ ತಂಗಿಗೋ ತಮ್ಮನಿಗೋ ನೂರು ರೂಪಾಯಿ ಕಳಿಸಿ, ಓಟಿಪಿ ಬರುತ್ತಾ ನೋಡಿ. ಬರದಿದ್ದರೆ ಸರಿಮಾಡಿಸೋಕೆ ಆಗ ಸಮಯ ಇರುತ್ತೆ.